ಚಾಕೊಲೇಟಿಗೆ ಹೋದ ಕುರ್ಚಿ, 500 ಡಾಲರಿನ ಕಾನೂನು

ಪ್ರಶ್ನೆ: ರಾಜಕಾರಣಿಯೊಬ್ಬರು ನೀತಿಸಂಹಿತೆ ಮುರಿದರು ಎಂದು ಸುದ್ದಿಯಾಗುತ್ತದೆ. ಸಮಿತಿ ಕೂರುತ್ತದೆ, ವರದಿ ಬರುತ್ತದೆ. ಸ್ವಲ್ಪ ದಿನ ಕಳೆದರೆ ಅದೇ ಮುಖ ಮತ್ತೆ ವೇದಿಕೆಯ ಮೇಲಿರುತ್ತದೆ. ಇವರಿಗೆ ಮಾಡಿದ್ದಕ್ಕೆ ತಕ್ಕ ಶಿಕ್ಷೆ ನಿಜಕ್ಕೂ ಆಗುತ್ತದೆಯೇ? ಆಗುತ್ತಿಲ್ಲ ಎಂದಾದರೆ ಕಾನೂನನ್ನು ಇನ್ನಷ್ಟು ಬಿಗಿ ಮಾಡಬೇಕಲ್ಲವೇ?

ಉತ್ತರ: ಬಹುಪಾಲು ಆಗುವುದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಅಷ್ಟು ಸುಲಭವಾಗಿ ಹೂಂ ಅನ್ನಲಾರೆ. ಬೇರೆ ಬೇರೆ ದೇಶಗಳ ಸಂಸದೀಯ ಸಮಿತಿಗಳ ವರದಿ ಓದುವುದು ನನ್ನ ಕೆಲಸದ ಭಾಗ. ಅವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಶಿಕ್ಷೆ ಹಗುರವೋ ಭಾರವೋ ಎಂಬುದಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ. ತಪ್ಪಿನ ಗಾತ್ರಕ್ಕೂ ಶಿಕ್ಷೆಯ ಗಾತ್ರಕ್ಕೂ ತಾಳಮೇಳವೇ ಇರುವುದಿಲ್ಲ. ಕೆಲವರಿಗೆ ಸಣ್ಣ ತಪ್ಪಿಗೆ ಪ್ರಧಾನಿ ಪಟ್ಟವೇ ಕೈತಪ್ಪಿದೆ. ಅದಕ್ಕಿಂತ ಎಷ್ಟೋ ಪಾಲು ದೊಡ್ಡದಕ್ಕೆ ಒಂದು ವರದಿ, ಒಂದು ಕ್ಷಮೆ, ಮುಂದಿನ ಚುನಾವಣೆಗೆ ಮತ್ತೆ ಟಿಕೆಟ್.

ಸ್ವೀಡನ್ನಿನ ಮೋನಾ ಸಾಲಿನ್ ಅವರನ್ನೇ ತೆಗೆದುಕೊಳ್ಳಿ. 1995ರಲ್ಲಿ ಆಕೆ ಉಪಪ್ರಧಾನಿ. ಇಂಗ್ವಾರ್ ಕಾರ್ಲ್ಸನ್ ನಂತರ ಪ್ರಧಾನಿ ಆಕೆಯೇ ಎಂದು ಎಲ್ಲರೂ ನಂಬಿದ್ದರು. ಅಷ್ಟರಲ್ಲಿ ಸರ್ಕಾರ ಕೊಟ್ಟ ಕಾರ್ಡಿನಲ್ಲಿ ಸ್ವಂತ ಖರ್ಚು ಮಾಡಿದ್ದು ಪತ್ರಿಕೆಗೆ ಸಿಕ್ಕಿತು. ಪಟ್ಟಿಯಲ್ಲಿ ಇನ್ನೂ ಬೇಕಾದಷ್ಟಿತ್ತು, ಆದರೆ ಜನರ ಬಾಯಲ್ಲಿ ನಿಂತದ್ದು ಟೋಬ್ಲರೋನ್ ಚಾಕೊಲೇಟ್. ಇಡೀ ಹಗರಣಕ್ಕೆ ಅದೇ ಹೆಸರಾಯಿತು. ಆಕೆ ಹಣ ವಾಪಸ್ ಕಟ್ಟಿದರು, ಪ್ರಾಸಿಕ್ಯೂಟರ್ ಮೊಕದ್ದಮೆ ಹೂಡದೆ ತನಿಖೆ ಮುಚ್ಚಿದರು. ಆದರೂ ಸರ್ಕಾರದಿಂದ ಹೊರಬರಬೇಕಾಯಿತು. 1998ರಲ್ಲಿ ಮತ್ತೆ ಮಂತ್ರಿಯಾದರು, 2007ರಲ್ಲಿ ಪಕ್ಷದ ನಾಯಕಿಯೂ ಆದರು. ಪ್ರಧಾನಿ ಮಾತ್ರ ಆಗಲೇ ಇಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್ (ನಮ್ಮಲ್ಲಿಯ ಮುಖ್ಯಮಂತ್ರಿಯಂತೆ) ಆಗಿದ್ದ ಬ್ಯಾರಿ ಓಫ್ಯಾರೆಲ್ ಅವರದ್ದು 2014ರ ಕಥೆ. ಸುಮಾರು 3,000 ಡಾಲರ್ ಬೆಲೆಯ ಒಂದು ಬಾಟಲಿ ವೈನ್ ಉಡುಗೊರೆಯಾಗಿ ಬಂದಿತ್ತೇ ಎಂದು ಭ್ರಷ್ಟಾಚಾರ ವಿರೋಧಿ ಆಯೋಗ ಕೇಳಿತು. ಇಲ್ಲ ಎಂದರು. ಮರುದಿನ ಅವರದೇ ಕೈಬರಹದ ಧನ್ಯವಾದದ ಚೀಟಿ ಹೊರಬಂತು. ಅಂದೇ ರಾಜೀನಾಮೆ ಘೋಷಿಸಿದರು. ಅವರಿಗೆ ದಾರಿ ತಪ್ಪಿಸುವ ಉದ್ದೇಶ ಇರಲಿಲ್ಲ ಎಂದು ಆಯೋಗವೇ ಆಮೇಲೆ ಹೇಳಿತು. ಆದರೆ ಕುರ್ಚಿ ಆಗಲೇ ಬೇರೆಯವರ ಪಾಲಾಗಿತ್ತು.

ಈಗ ಕೆನಡಾಕ್ಕೆ ಬನ್ನಿ. ಪ್ರಧಾನಿಯಾಗಿದ್ದ ಜಸ್ಟಿನ್ ಟ್ರೂಡೊ ಹಿತಾಸಕ್ತಿ ಸಂಘರ್ಷ ಕಾಯ್ದೆ ಮುರಿದಿದ್ದಾರೆ ಎಂದು ಸ್ವತಂತ್ರ ನೀತಿ ಆಯುಕ್ತರು ಎರಡು ಸಲ ತೀರ್ಮಾನ ಕೊಟ್ಟರು. 2017ರಲ್ಲಿ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಅವರ ಖಾಸಗಿ ದ್ವೀಪದಲ್ಲಿ ಕುಟುಂಬದೊಡನೆ ರಜೆ ಕಳೆದದ್ದಕ್ಕೆ ಒಂದು. 2019ರಲ್ಲಿ ಎಸ್‌ಎನ್‌ಸಿ-ಲಾವಲಿನ್ ಕಂಪನಿಯ ಮೇಲಿನ ಮೊಕದ್ದಮೆಯ ವಿಷಯದಲ್ಲಿ ತಮ್ಮದೇ ಅಟಾರ್ನಿ ಜನರಲ್ ಮೇಲೆ ಒತ್ತಡ ಹೇರಿದ್ದಕ್ಕೆ ಇನ್ನೊಂದು. ಎರಡನೆಯದು ನ್ಯಾಯದಾನದ ಬುಡಕ್ಕೇ ತಾಗುವ ಮಾತು. ದಂಡ ಎಷ್ಟು ಎಂದು ಕೇಳಬೇಡಿ, ಸೊನ್ನೆ. ಆ ಕಾಯ್ದೆಯಡಿ ಆಯುಕ್ತರು ಹಾಕಬಹುದಾದ ಗರಿಷ್ಠ ದಂಡ 500 ಡಾಲರ್. ಅದೂ ಆಸ್ತಿ ಘೋಷಣೆಯಂತಹ ಕಾಗದಪತ್ರಗಳಲ್ಲಿ ಲೋಪವಾದರೆ ಮಾತ್ರ. ಹಣಕಾಸು ಸಚಿವರಾಗಿದ್ದ ಬಿಲ್ ಮಾರ್ನೋ ಫ್ರಾನ್ಸಿನ ತಮ್ಮ ಬಂಗಲೆಯ ಒಡೆತನವಿದ್ದ ಕಂಪನಿಯಲ್ಲಿನ ಸ್ಥಾನವನ್ನು ಘೋಷಿಸದೇ ಇದ್ದುದಕ್ಕೆ 200 ಡಾಲರ್ ಕಟ್ಟಿದರು. ಅಮೆರಿಕದಲ್ಲೂ ಇದೇ ಅಂಕಿ: ಸಂಸದರು ತಮ್ಮ ಷೇರು ವಹಿವಾಟನ್ನು ಹೊತ್ತಿಗೆ ಸರಿಯಾಗಿ ಬಹಿರಂಗಪಡಿಸದಿದ್ದರೆ 2012ರ ಕಾಯ್ದೆಯ ಪ್ರಕಾರ ತಡವಾದ ಶುಲ್ಕ 200 ಡಾಲರ್. ಕೋರಿಕೊಂಡರೆ ಅದನ್ನೂ ಮನ್ನಾ ಮಾಡುವ ಅವಕಾಶವಿದೆ!

ಚಾಕೊಲೇಟು, ಬಾಟಲಿ ಎಲ್ಲರಿಗೂ ಅರ್ಥವಾಗುತ್ತವೆ. ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು, ವ್ಯಂಗ್ಯಚಿತ್ರ ಬರೆಯಬಹುದು. ಮೊಕದ್ದಮೆಯೊಂದರಲ್ಲಿ ಪ್ರಾಸಿಕ್ಯೂಷನ್ ಮೇಲೆ ಒತ್ತಡ, ಸಲಹೆಗಾರನೆಂಬ ಹೆಸರಿನಲ್ಲಿ ಕಂಪನಿಯಿಂದ ಸಂಬಳ, ಹೆಂಡತಿಯ ಹೆಸರಿನ ಷೇರು, ನಿವೃತ್ತಿಯಾದ ಕೂಡಲೇ ಅದೇ ಉದ್ಯಮದಲ್ಲಿ ಕುರ್ಚಿ, ಇವುಗಳನ್ನು ವಿವರಿಸಲು ಪುಟಗಟ್ಟಲೆ ಬೇಕು. ಅಷ್ಟು ಓದುವಷ್ಟರಲ್ಲಿ ಓದುಗನಿಗೆ ಆಕಳಿಕೆ. ಹೀಗಾಗಿ ಶಿಕ್ಷೆ ಬೀಳುವುದು ಮುಜುಗರದ ಲೆಕ್ಕದಲ್ಲಿ. ಸಾರ್ವಜನಿಕ ಹಿತಕ್ಕೆ ಆದ ಹಾನಿಯ ಲೆಕ್ಕ ಹಿಡಿದು ಶಿಕ್ಷೆ ತೂಗುವ ವ್ಯವಸ್ಥೆ ಎಲ್ಲೂ ಪೂರ್ತಿ ಬಂದಿಲ್ಲ.

ಇಲ್ಲೊಂದು ವ್ಯತ್ಯಾಸವನ್ನು ನೆನಪಿಡಬೇಕು. ಲಂಚ ತೆಗೆದುಕೊಳ್ಳುವುದು ಅಪರಾಧ, ಅದಕ್ಕೆ ಪೊಲೀಸು, ಕೋರ್ಟು, ಜೈಲು ಇವೆ. ನೀತಿಸಂಹಿತೆ ಬೇರೆ. ಉಡುಗೊರೆ ಘೋಷಿಸುವುದು, ಸ್ವಂತ ಹಿತಾಸಕ್ತಿ ಇರುವ ವಿಷಯದಲ್ಲಿ ಮತ ಹಾಕದೇ ದೂರ ಇರುವುದು, ದುಡ್ಡು ಕೊಟ್ಟವರ ಪರವಾಗಿ ಸದನದಲ್ಲಿ ವಕಾಲತ್ತು ವಹಿಸದಿರುವುದು, ಸದನಕ್ಕೆ ಸುಳ್ಳು ಹೇಳದಿರುವುದು, ಇವೆಲ್ಲ ಸದನ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡುಗಳು. ಮುರಿದವರ ವಿಚಾರಣೆಯೂ ಸದನದ್ದೇ, ತೀರ್ಪೂ ಸದನದ್ದೇ. ಎಲ್ಲ ತೊಡಕಿನ ಮೂಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ಹತ್ತಿರದಿಂದ ನೋಡಬೇಕಿದ್ದರೆ ಬ್ರಿಟನ್ನಿನ ಓವೆನ್ ಪ್ಯಾಟರ್ಸನ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಇಲ್ಲ. ಮಾಜಿ ಸಚಿವ, ಆಡಳಿತ ಪಕ್ಷದ ಹಿರಿಯ ಸಂಸದ. ಎರಡು ಕಂಪನಿಗಳಿಗೆ ಸಲಹೆಗಾರರಾಗಿ ಸಂಸದರ ಸಂಬಳಕ್ಕಿಂತ ಹೆಚ್ಚು ಹಣ, ವರ್ಷಕ್ಕೆ ಒಂದು ಲಕ್ಷ ಪೌಂಡಿಗೂ ಮೀರಿ ಪಡೆಯುತ್ತಿದ್ದರು. ಅದು ನಿಯಮಬಾಹಿರವಾಗಿರಲಿಲ್ಲ. ಆ ಕಂಪನಿಗಳ ಪರವಾಗಿ ಸರ್ಕಾರಿ ಸಂಸ್ಥೆಗಳಿಗೆ, ಮಂತ್ರಿಗಳಿಗೆ ಮತ್ತೆ ಮತ್ತೆ ಪತ್ರ ಬರೆದದ್ದು, ಭೇಟಿ ಮಾಡಿದ್ದು ತಪ್ಪಾಯಿತು. 2021ರ ಅಕ್ಟೋಬರಿನಲ್ಲಿ ಸಂಸದೀಯ ಮಾನದಂಡ ಆಯುಕ್ತೆಯ ತನಿಖೆಯನ್ನು ಸದನದ ಸಮಿತಿ ಒಪ್ಪಿ, 30 ದಿನ ಅಮಾನತಿಗೆ ಶಿಫಾರಸು ಮಾಡಿತು. ಅಲ್ಲಿಯವರೆಗೆ ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ನಡೆದಿತ್ತು.

ಆಮೇಲೆ ನೋಡಿ ಆಟ. ನವೆಂಬರ್ 3ರಂದು ವರದಿ ಮತಕ್ಕೆ ಬಂದಾಗ, ಅಮಾನತು ಬದಿಗಿಟ್ಟು ಮೊದಲು ತನಿಖೆಯ ನಿಯಮಗಳನ್ನೇ ಮರುಪರಿಶೀಲಿಸೋಣ ಎಂಬ ತಿದ್ದುಪಡಿ ಬಂತು. ಸರ್ಕಾರ ತನ್ನ ಸಂಸದರಿಗೆ ವಿಪ್ ಹೊರಡಿಸಿತು. 250ಕ್ಕೆ 232 ಮತಗಳಿಂದ ತಿದ್ದುಪಡಿ ಗೆದ್ದಿತು. ಆಟ ಮುಗಿದು ಸೋತ ಮೇಲೆ ಆಟದ ನಿಯಮ ಬದಲಿಸುವುದು ಅಂದರೆ ಇದೇ. ಪತ್ರಿಕೆಗಳು ಉರಿದುಬಿದ್ದವು. ಒಂದೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು, ಪ್ಯಾಟರ್ಸನ್ ರಾಜೀನಾಮೆ ಕೊಟ್ಟರು. ಡಿಸೆಂಬರಿನ ಉಪಚುನಾವಣೆಯಲ್ಲಿ ಸುಮಾರು 23 ಸಾವಿರ ಮತಗಳ ಅಂತರವಿದ್ದ ಭದ್ರಕೋಟೆಯನ್ನು ಪಕ್ಷ ಕಳೆದುಕೊಂಡಿತು. ಇದನ್ನು ವ್ಯವಸ್ಥೆ ಗೆದ್ದ ಕಥೆ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮತಕ್ಕೆ ಹಾಕಿದ ದಿನ ವ್ಯವಸ್ಥೆ ಸೋತೇ ಇತ್ತು, ಅದನ್ನು ಎತ್ತಿ ನಿಲ್ಲಿಸಿದ್ದು ಹೊರಗಿನ ಗದ್ದಲ. ಅಂದು ದೇಶದಲ್ಲಿ ಇನ್ನೊಂದು ದೊಡ್ಡ ಸುದ್ದಿ ಇದ್ದಿದ್ದರೆ ಏನಾಗುತ್ತಿತ್ತು?

ಮಂತ್ರಿಗಳ ವಿಷಯದಲ್ಲಿ ಇದು ಇನ್ನೂ ಸಡಿಲ. ಅದೇ ಬ್ರಿಟನ್ನಿನಲ್ಲಿ ಗೃಹ ಸಚಿವೆಯ ವರ್ತನೆ ಸಿಬ್ಬಂದಿಯನ್ನು ಬೆದರಿಸುವಂತಿತ್ತು ಎಂದು ಪ್ರಧಾನಿಯ ನೀತಿ ಸಲಹೆಗಾರ ಸರ್ ಅಲೆಕ್ಸ್ ಅಲನ್ 2020ರಲ್ಲಿ ತೀರ್ಮಾನ ಕೊಟ್ಟರು. ಪ್ರಧಾನಿ ಒಪ್ಪಲಿಲ್ಲ. ಸಚಿವೆ ಉಳಿದರು, ಸಲಹೆಗಾರ ರಾಜೀನಾಮೆ ಕೊಟ್ಟು ಹೋದರು. ತಪ್ಪು ಹುಡುಕಿದವನೇ ಮನೆಗೆ!

ಸಹೋದ್ಯೋಗಿಗಳೇ ನ್ಯಾಯಾಧೀಶರಾದರೆ ಯಾವಾಗಲೂ ರಕ್ಷಣೆಯೇ ಸಿಗುತ್ತದೆ ಎಂದೇನಲ್ಲ, ಬೇಡದವನನ್ನು ಹೊರದಬ್ಬುವುದೂ ಅಷ್ಟೇ ಸುಲಭ. ಅಮೆರಿಕದ ಪ್ರತಿನಿಧಿ ಸಭೆ ತನ್ನ ಇಡೀ ಇತಿಹಾಸದಲ್ಲಿ ಉಚ್ಚಾಟಿಸಿರುವುದು 6 ಸದಸ್ಯರನ್ನು. ಅದರಲ್ಲಿ ಮೂವರು ಅಂತರ್ಯುದ್ಧದ ಕಾಲದವರು. ಆರನೆಯವರು 2023ರಲ್ಲಿ ಹೊರಹೋದ ಜಾರ್ಜ್ ಸ್ಯಾಂಟೋಸ್. ತಮ್ಮ ಓದು, ಉದ್ಯೋಗಗಳ ಬಗ್ಗೆ ಸುಳ್ಳು ಹೇಳಿ ಗೆದ್ದವರು, ಪ್ರಚಾರದ ದೇಣಿಗೆಯಲ್ಲಿ ಬೊಟಾಕ್ಸ್ ಮಾಡಿಸಿಕೊಂಡವರು. ಹಗರಣಕ್ಕೆ ಹೇಳಿ ಮಾಡಿಸಿದ ಮನುಷ್ಯ. ಅವರದೇ ಪಕ್ಷದ ನೂರಕ್ಕೂ ಹೆಚ್ಚು ಸದಸ್ಯರು ಉಚ್ಚಾಟನೆಯ ಪರ ಮತ ಹಾಕಿದರು. ಚಾರ್ಲ್ಸ್ ರೇಂಜಲ್ ಅವರ ಪಕ್ಕ ಇವರನ್ನಿಟ್ಟು ನೋಡಿ. ರೇಂಜಲ್ ದೇಶದ ತೆರಿಗೆ ಕಾನೂನು ರೂಪಿಸುವ ಸಮಿತಿಯ ಅಧ್ಯಕ್ಷರಾಗಿದ್ದವರು. ಡೊಮಿನಿಕನ್ ರಿಪಬ್ಲಿಕ್‌ನಲ್ಲಿದ್ದ ತಮ್ಮ ಮನೆಯ ಬಾಡಿಗೆಗೆ ಅವರೇ ತೆರಿಗೆ ಕಟ್ಟಿರಲಿಲ್ಲ. ಅದೂ ಸೇರಿ 11 ಆರೋಪಗಳು ಸಾಬೀತಾದವು. 2010ರ ಡಿಸೆಂಬರಿನಲ್ಲಿ ಸದನದ ನಡುವೆ ನಿಲ್ಲಿಸಿ, ಅವರದೇ ಪಕ್ಷದ ಸ್ಪೀಕರ್ ಛೀಮಾರಿ ನಿರ್ಣಯ ಓದಿದರು. ಅಲ್ಲಿಗೆ ಮುಗಿಯಿತು. ಸಂಬಳ ಕಡಿತವಿಲ್ಲ, ಒಂದು ದಿನದ ಅಮಾನತೂ ಇಲ್ಲ. ಆಮೇಲೂ ಗೆಲ್ಲುತ್ತಲೇ ಇದ್ದು, 2017ರಲ್ಲಿ ತಾವಾಗಿಯೇ ನಿವೃತ್ತರಾದರು.

ಜನರೇ ಗೆಲ್ಲಿಸಿದ ಮೇಲೆ ನಾವ್ಯಾರು ಕೇಳುವುದಕ್ಕೆ ಎಂಬ ವಾದ ಇಲ್ಲೇ ಹುಟ್ಟುವುದು. ಇದು ಪೂರ್ತಿ ಪೊಳ್ಳು ವಾದವಲ್ಲ. ಆದರೆ ಮತದಾರ ಮತಗಟ್ಟೆಗೆ ಬರುವುದು ಒಂದೇ ಒಂದು ವಿಷಯಕ್ಕೆ ತೀರ್ಪು ಕೊಡಲು ಅಲ್ಲವಲ್ಲ. ಪಕ್ಷ, ಎದುರಾಳಿ, ಕ್ಷೇತ್ರದ ಕೆಲಸ, ತನ್ನವನೆಂಬ ಭಾವ ಎಲ್ಲ ಸೇರಿ ಒಂದು ಮತ. ನಮ್ಮವನು ಸರಿಯಿಲ್ಲ, ಆದರೆ ಎದುರಿನವನು ಬಂದರೆ ಇನ್ನೂ ಕೆಡುತ್ತದೆ ಎಂದು ಲೆಕ್ಕ ಹಾಕಿ ಒತ್ತಿದ ಬಟನ್ನು ನೀತಿಸಂಹಿತೆಯ ಉಲ್ಲಂಘನೆಗೆ ಕ್ಲೀನ್‌ಚಿಟ್ ಹೇಗಾದೀತು?

ಬ್ರಿಟನ್ 2015ರಲ್ಲಿ ತಂದ ಮರಳಿ ಕರೆಸುವ ಕಾಯ್ದೆ ಈ ಗಂಟನ್ನು ಬಿಡಿಸಲು ಮಾಡಿದ ಪ್ರಯತ್ನ. ಸಂಸದ ನಿಗದಿತ ಅವಧಿಗಿಂತ ಹೆಚ್ಚು ಅಮಾನತಾದರೆ ಅಥವಾ ಜೈಲುಶಿಕ್ಷೆಗೆ ಗುರಿಯಾದರೆ ಕ್ಷೇತ್ರದಲ್ಲಿ ಸಹಿ ಸಂಗ್ರಹ ಶುರುವಾಗುತ್ತದೆ. ಆರು ವಾರದಲ್ಲಿ 10% ಮತದಾರರು ಸಹಿ ಹಾಕಿದರೆ ಸ್ಥಾನ ಖಾಲಿ, ಉಪಚುನಾವಣೆ. ಹೊರಹೋದವರು ಅದರಲ್ಲಿ ಮತ್ತೆ ನಿಲ್ಲಬಹುದು. ಮೊದಲ ಪ್ರಯೋಗ 2018ರಲ್ಲಿ ಇಯಾನ್ ಪೇಸ್ಲಿ ಅವರ ಮೇಲೆ. ಶ್ರೀಲಂಕಾ ಸರ್ಕಾರದ ಖರ್ಚಿನಲ್ಲಿ ಕುಟುಂಬದೊಡನೆ ಪ್ರವಾಸ ಮಾಡಿ, ಅದನ್ನು ಘೋಷಿಸದೆ, ಆಮೇಲೆ ಆ ಸರ್ಕಾರದ ಪರವಾಗಿ ತಮ್ಮ ಪ್ರಧಾನಿಗೆ ಪತ್ರ ಬರೆದಿದ್ದರು. ಸಹಿ ಬಿದ್ದದ್ದು 9.4%. ಕೂದಲೆಳೆಯಲ್ಲಿ ಬಚಾವಾದರು. ಮರುವರ್ಷ ಪೀಟರ್‌ಬರೋ ಕ್ಷೇತ್ರದಲ್ಲಿ ಸಹಿ ಸಾಕಷ್ಟು ಬಿದ್ದು, ವೇಗಮಿತಿ ಮೀರಿದ ಪ್ರಕರಣದಲ್ಲಿ ಪೊಲೀಸರಿಗೆ ಸುಳ್ಳು ಹೇಳಿ ಜೈಲು ಸೇರಿದ್ದ ಸಂಸದೆ ಸ್ಥಾನ ಕಳೆದುಕೊಂಡರು. ಈ ಏರ್ಪಾಡಿನಲ್ಲಿ ಮತದಾರನ ಮುಂದೆ ಒಂದೇ ಪ್ರಶ್ನೆ ಇರುತ್ತದೆ, ಅದೂ ತಪ್ಪು ಸಾಬೀತಾದ ಕೆಲವೇ ತಿಂಗಳಲ್ಲಿ. ನನಗೆ ಇದು ಹಿಡಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಕಿಂಡಿ ರಾಜೀನಾಮೆ. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಸ್ಸು ಎಂಬ ಮಾತು ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ಸದಸ್ಯ ರಾಜೀನಾಮೆ ಕೊಟ್ಟ ಗಳಿಗೆಯಲ್ಲೇ ಅವರ ಮೇಲೆ ನೀತಿ ಸಮಿತಿಗಿದ್ದ ಅಧಿಕಾರ ಮುಗಿಯುತ್ತದೆ. ತನಿಖೆ ಅರ್ಧಕ್ಕೆ ನಿಲ್ಲುತ್ತದೆ, ಕಡತ ಕಪಾಟು ಸೇರುತ್ತದೆ. ಹೊರಗೆ ಹೋದವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟೆ ಎಂದು ಹೇಳಿಕೊಳ್ಳಬಹುದು. 2024ರಲ್ಲಿ ಸಂಸದ ಮ್ಯಾಟ್ ಗೇಟ್ಸ್ ರಾಜೀನಾಮೆ ನೀಡಿದ ಮೇಲೂ ಅವರ ಮೇಲಿನ ವರದಿಯನ್ನು ಸಮಿತಿ ಪ್ರಕಟಿಸಿತು. ಅದು ತೀರಾ ಅಪರೂಪ, ಅದಕ್ಕೂ ಸಮಿತಿಯೊಳಗೆ ಸಾಕಷ್ಟು ಜಗ್ಗಾಟ ನಡೆಯಿತು.

ಈ ಕಿಂಡಿಗೆ ಭಾರತದ ಸಂಸತ್ತು ಹುಟ್ಟಿದ ಹೊಸತರಲ್ಲೇ ಉತ್ತರ ಕೊಟ್ಟಿತ್ತು ಎಂಬುದು ಹೆಚ್ಚಿನವರಿಗೆ ನೆನಪಿಲ್ಲ. 1951ರಲ್ಲಿ ಎಚ್.ಜಿ. ಮುದ್ಗಲ್ ಎಂಬ ಸದಸ್ಯರು ಬಾಂಬೆಯ ಚಿನಿವಾರ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಅವರ ಪರ ಸದನದಲ್ಲಿ ಕೆಲಸ ಮಾಡಿದ್ದು ಸಮಿತಿಯ ತನಿಖೆಯಲ್ಲಿ ಗೊತ್ತಾಯಿತು. ಉಚ್ಚಾಟನೆಯ ನಿರ್ಣಯ ಮಂಡಿಸಿದವರು ಸ್ವತಃ ಪ್ರಧಾನಿ ನೆಹರೂ. ಮತಕ್ಕೆ ಹಾಕುವ ಮೊದಲೇ ಮುದ್ಗಲ್ ರಾಜೀನಾಮೆ ಕೊಟ್ಟರು. ಸದನ ಅಷ್ಟಕ್ಕೆ ಬಿಡಲಿಲ್ಲ. ಇವರು ಉಚ್ಚಾಟನೆಗೇ ಅರ್ಹರು, ರಾಜೀನಾಮೆ ಪತ್ರದ ಒಕ್ಕಣೆಯೂ ಸದನಕ್ಕೆ ಮಾಡಿದ ಅವಮಾನ ಎಂದು ನಿರ್ಣಯ ತಿದ್ದಿ ಅಂಗೀಕರಿಸಿತು. 2023ರಲ್ಲಿ ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ವಿಷಯದಲ್ಲಿ ಬ್ರಿಟನ್ ಮಾಡಿದ್ದೂ ಇದನ್ನೇ. ಲಾಕ್‌ಡೌನ್ ಪಾರ್ಟಿಗಳ ಬಗ್ಗೆ ಸದನದ ದಾರಿ ತಪ್ಪಿಸಿದರು ಎಂಬ ವರದಿ ಬರುವ ಮುನ್ನವೇ ಅವರು ಸಂಸದ ಸ್ಥಾನ ಬಿಟ್ಟು ನಡೆದರು. ವರದಿ ಬಂತು, ಇದ್ದಿದ್ದರೆ 90 ದಿನ ಅಮಾನತಿಗೆ ಶಿಫಾರಸು ಮಾಡುತ್ತಿದ್ದೆವು ಎಂದಿತು. ಸದನ 354ಕ್ಕೆ 7 ಮತಗಳಿಂದ ಒಪ್ಪಿತು.

ಹಾಗಾದರೆ ಕಠಿಣ ಶಿಕ್ಷೆ? ಸಿಂಗಪುರದಲ್ಲಿ ಸಚಿವರಾಗಿದ್ದ ಈಶ್ವರನ್ 4 ಲಕ್ಷ ಸಿಂಗಪುರ ಡಾಲರಿಗೂ ಹೆಚ್ಚಿನ ಉಡುಗೊರೆ ಪಡೆದದ್ದಕ್ಕೆ 2024ರಲ್ಲಿ 12 ತಿಂಗಳ ಜೈಲು ಕಂಡರು. ಪ್ರಾಸಿಕ್ಯೂಷನ್ ಕೇಳಿದ್ದಕ್ಕಿಂತ ಹೆಚ್ಚನ್ನೇ ನ್ಯಾಯಾಧೀಶರು ಕೊಟ್ಟರು. ಅಲ್ಲಿ ಅದು ಸಾಧ್ಯವಾದದ್ದು ಮಂತ್ರಿಯ ಮನೆ ಬಾಗಿಲು ತಟ್ಟುವ ತನಿಖಾ ಸಂಸ್ಥೆ ಇದ್ದದ್ದರಿಂದ. ಫ್ರಾನ್ಸಿನ ಬಜೆಟ್ ಸಚಿವ ಜೆರೋಮ್ ಕಾಹುಜಾಕ್ ತೆರಿಗೆ ವಂಚಕರನ್ನು ಹಿಡಿಯುವ ಹೊಣೆ ಹೊತ್ತವರು. ವಿದೇಶದಲ್ಲಿ ನನಗೆ ಖಾತೆಯೇ ಇಲ್ಲ ಎಂದು 2012ರಲ್ಲಿ ಸಂಸತ್ತಿನಲ್ಲಿ ಹೇಳಿ, ಕೆಲವೇ ತಿಂಗಳಲ್ಲಿ ಇದೆ ಎಂದು ಒಪ್ಪಿಕೊಂಡರು. ಆ ಆಘಾತದಿಂದ ಫ್ರಾನ್ಸ್ 2013ರಲ್ಲಿ ಒಂದು ಸ್ವತಂತ್ರ ಪ್ರಾಧಿಕಾರ ಕಟ್ಟಿತು. ಜನಪ್ರತಿನಿಧಿಗಳ ಆಸ್ತಿ ಘೋಷಣೆಯನ್ನು ಅದು ತೆರಿಗೆ ಇಲಾಖೆಯ ಮಾಹಿತಿಯೊಂದಿಗೆ ತಾಳೆ ನೋಡುತ್ತದೆ. ಸುಳ್ಳು ಘೋಷಣೆಗೆ ಮೂರು ವರ್ಷದವರೆಗೆ ಜೈಲು. ಆದರೆ ಕೆಲಸ ಮಾಡುವುದು ಆ ಮೂರು ವರ್ಷ ಅಲ್ಲ, ತಾಳೆ ನೋಡುವವರು ಇದ್ದಾರೆ ಎಂಬ ಅರಿವು. ಯಾರೂ ತೆರೆದು ನೋಡದ ಘೋಷಣಾ ಪತ್ರಕ್ಕೆ ಹತ್ತು ವರ್ಷ ಜೈಲು ಬರೆದಿಟ್ಟರೂ ಅದು ಕಾಗದದ ಹುಲಿ.

ಬ್ರೆಜಿಲ್‌ನಿಂದ ಇದಕ್ಕೆ ಗಟ್ಟಿ ಪುರಾವೆಯಿದೆ. 2003ರಿಂದ ಅಲ್ಲಿನ ಕೇಂದ್ರ ಸರ್ಕಾರ ಲಾಟರಿ ಎತ್ತಿ ನಗರಸಭೆಗಳನ್ನು ಆರಿಸಿ ಲೆಕ್ಕ ತಪಾಸಣೆ ಮಾಡಿ, ವರದಿಯನ್ನು ಪ್ರಕಟಿಸತೊಡಗಿತು. ಅರ್ಥಶಾಸ್ತ್ರಜ್ಞರಾದ ಫೆರಾಜ್ ಮತ್ತು ಫಿನಾನ್ ಅದನ್ನು ಅಧ್ಯಯನ ಮಾಡಿದರು. ಚುನಾವಣೆಗೆ ಮೊದಲೇ ಅಕ್ರಮ ಬಯಲಾದ ಕಡೆ ಮೇಯರ್‌ಗಳು ಮರುಆಯ್ಕೆಯಾಗುವುದು ಕಡಿಮೆಯಾಯಿತು, ಸ್ಥಳೀಯ ರೇಡಿಯೊ ಇದ್ದ ಊರುಗಳಲ್ಲಿ ಇನ್ನೂ ಕಡಿಮೆಯಾಯಿತು. ಮತದಾರ ಕ್ಷಮಿಸುತ್ತಾನೆ ಎನ್ನುವವರಿಗೆ ಇದು ಉತ್ತರ: ಹೊತ್ತಿಗೆ ಸರಿಯಾಗಿ, ನಂಬುವಂತಹ ಬಾಯಿಂದ ಮಾಹಿತಿ ಸಿಕ್ಕರೆ ಅವನು ಅಷ್ಟೇನೂ ಉದಾರಿಯಲ್ಲ. ಮುಂದೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಒಮ್ಮೆ ತಪಾಸಣೆಗೊಳಗಾದ ಊರುಗಳಲ್ಲಿ ಭ್ರಷ್ಟಾಚಾರ ಸುಮಾರು 8% ತಗ್ಗಿದ್ದು ಕಂಡಿತು. ಅದಕ್ಕೆ ಮುಖ್ಯ ಕಾರಣ ಸೋಲಿನ ಭಯಕ್ಕಿಂತ ಹೆಚ್ಚಾಗಿ ಕೋರ್ಟಿನ ಭಯ ಎಂದು ಸಂಶೋಧಕರು ಹೇಳಿದರು.

ಬಿಗಿ ಮಾಡುವ ಉತ್ಸಾಹದಲ್ಲಿ ಒಂದು ಅಪಾಯವನ್ನು ಮರೆಯುವಂತಿಲ್ಲ. ಜರ್ಮನಿಯ ಅಧ್ಯಕ್ಷರಾಗಿದ್ದ ಕ್ರಿಸ್ಟಿಯಾನ್ ವುಲ್ಫ್ 2012ರಲ್ಲಿ ಆರೋಪಗಳ ಸುರಿಮಳೆಗೆ ರಾಜೀನಾಮೆ ಕೊಟ್ಟರು. ಕೊನೆಗೆ ಕೋರ್ಟಿನ ಮುಂದೆ ಉಳಿದದ್ದು ಸ್ನೇಹಿತ ಕಟ್ಟಿದ 700 ಯೂರೊ ಚಿಲ್ಲರೆಯ ಹೋಟೆಲು, ಊಟದ ಖರ್ಚು. 20,000 ಯೂರೊ ಕಟ್ಟಿ ಪ್ರಕರಣ ಮುಗಿಸಿಕೊಳ್ಳಿ ಎಂದರೂ ಒಪ್ಪದೆ ವಿಚಾರಣೆ ಎದುರಿಸಿದರು. 2014ರಲ್ಲಿ ಖುಲಾಸೆಯಾದರು. ಹುದ್ದೆ ಮರಳಿ ಬರಲಿಲ್ಲ. ಭಾರತದಲ್ಲಿ ಪ್ರಶ್ನೆ ಕೇಳಲು ಹಣ ಪಡೆದದ್ದು ಕ್ಯಾಮೆರಾದಲ್ಲಿ ಸಿಕ್ಕ 11 ಸಂಸದರನ್ನು 2005ರ ಡಿಸೆಂಬರಿನಲ್ಲಿ, ಸುದ್ದಿ ಹೊರಬಂದ ಹನ್ನೊಂದೇ ದಿನದಲ್ಲಿ ಉಚ್ಚಾಟಿಸಲಾಯಿತು. ಸುಪ್ರೀಂ ಕೋರ್ಟ್ 2007ರಲ್ಲಿ ಅದನ್ನು ಎತ್ತಿಹಿಡಿಯಿತು. 2023ರಲ್ಲಿ ಇಂಥದ್ದೇ ಆರೋಪ ಹೊತ್ತ ಸಂಸದೆ ಮಹುವಾ ಮೊಯಿತ್ರಾ ವಿಷಯದಲ್ಲಿ ನೀತಿ ಸಮಿತಿಯೇ ಬಹುತೇಕ ಪಕ್ಷದ ಗೆರೆಯಲ್ಲಿ ಸೀಳಿತ್ತು. ವರದಿ ಮಂಡನೆಯಾದ ದಿನವೇ ಚರ್ಚೆಯಾಯಿತು, ಅಂದೇ ಉಚ್ಚಾಟನೆಯೂ ಆಯಿತು. ಮುಂದಿನ ವರ್ಷ ಅದೇ ಕ್ಷೇತ್ರದಿಂದ ಅವರು ಮತ್ತೆ ಗೆದ್ದು ಬಂದರು. ಆರೋಪ ಸರಿಯೋ ತಪ್ಪೋ ಎಂಬುದು ಬೇರೆ. ವರದಿ ಓದಲು ಎದುರು ಪಕ್ಷಕ್ಕೆ ಒಂದು ದಿನವೂ ಸಿಗದಿದ್ದರೆ ಆ ಶಿಕ್ಷೆಯನ್ನು ನ್ಯಾಯ ಎಂದು ನಂಬಿಸುವುದು ಕಷ್ಟ. ದೊಣ್ಣೆ ಬಹುಮತದ ಕೈಯಲ್ಲೇ ಇರುವವರೆಗೆ ಅದನ್ನು ದಪ್ಪ ಮಾಡಿದಷ್ಟೂ ನನಗೆ ಭಯ.

ಆದ್ದರಿಂದ ಎಲ್ಲಿ ಬಿಗಿ ಮಾಡಬೇಕು ಎಂದು ಕೇಳಿದರೆ ನಾನು ಶಿಕ್ಷೆಯ ಅಂಕಣವನ್ನು ಮುಟ್ಟುವುದು ಕೊನೆಗೆ. 200 ಡಾಲರಿನಂತಹ ಹಾಸ್ಯಾಸ್ಪದ ದಂಡಗಳನ್ನಷ್ಟೇ ಸಂಬಳದ ಇಂತಿಷ್ಟು ಪಾಲು ಎಂದು ಬದಲಿಸುತ್ತೇನೆ. ತನಿಖಾಧಿಕಾರಿಯನ್ನು ನೇಮಿಸುವ, ತೆಗೆಯುವ ಅಧಿಕಾರ ಸರ್ಕಾರದ ಮುಖ್ಯಸ್ಥನೊಬ್ಬನ ಕೈಯಲ್ಲಿ ಇರಬಾರದು. ದೂರು ದಾಖಲಾದ ದಿನದಿಂದ ವರದಿ ಪ್ರಕಟವಾಗುವವರೆಗೆ ಗಡುವು ಇರಬೇಕು. ಆರೋಪಿಗೆ ಉತ್ತರಿಸಲು ಸಮಯ, ಮೇಲ್ಮನವಿಗೆ ಅವಕಾಶ ಇರಬೇಕು. ಒಂದೇ ಒಂದು ತಿದ್ದುಪಡಿಗೆ ಅವಕಾಶ ಎಂದರೆ ರಾಜೀನಾಮೆಯ ಕಿಂಡಿಯನ್ನು ಮುಚ್ಚುತ್ತೇನೆ: ಸದಸ್ಯ ಹೊರಹೋದರೂ ತನಿಖೆ ಮುಗಿಯಬೇಕು, ವರದಿ ಹೊರಬರಬೇಕು, ಮುಂದೆ ಆ ವ್ಯಕ್ತಿಯನ್ನು ಯಾವುದೇ ಸರ್ಕಾರಿ ಹುದ್ದೆಗೆ ನೇಮಿಸುವವರು ಆ ವರದಿಯನ್ನು ಸದನದ ಮುಂದಿಟ್ಟು, ಆದರೂ ಇವರೇ ಏಕೆ ಎಂದು ಲಿಖಿತ ಕಾರಣ ಕೊಡಬೇಕು. ಸದನ ತೊರೆದವರನ್ನು ಸಾಕ್ಷ್ಯಕ್ಕೆ ಕರೆಯುವುದು ಹೇಗೆ ಎಂಬ ತಕರಾರು ಬರುತ್ತದೆ. ಅವರು ಬಾರದಿದ್ದರೆ ಬರಲಿಲ್ಲ ಎಂದೇ ವರದಿಯಲ್ಲಿ ಬರೆದರಾಯಿತು.